ನಡುಗೋಡೆಯ ನಡುಕ

ಬೆಟಗೇರಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಈಚೆ ಮುಖಕ್ಕೆ ನಾವು ಸುಣ್ಣ ಬಳಿಯುತ್ತಿದ್ದೆವು, ಆಚೆ ಮುಖಕ್ಕೆ ಅವರು. ನಾವು ನೇಕಾರರು, ಅವರು ಶೇಂಗಾ ಮತ್ತು ಹತ್ತಿಯ ವ್ಯಾಪಾರದವರು. ಆ ಮನೆಯಲ್ಲಿ ನನಗಿಂತ ಎರಡು ತಿಂಗಳಿಗೆ ದೊಡ್ಡವಳಾದ ಒಬ್ಬ ಹುಡುಗಿ ಇದ್ದಳು. ನನಗೆ ಬುದ್ಧಿ ತಿಳಿದಾಗಿನಿಂದ ನಾವಿಬ್ಬರು ಹುಡುಗಿಯರೂ ಗೆಳತಿಯರು. ಅವಳ ಅಪ್ಪನನ್ನು ನಾನು ಕಾಕಾ ಎನ್ನುತ್ತಿದ್ದೆ, ಅವ್ವನನ್ನು ಕಾಕು ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅವಳಿಗೊಂದು ತಟ್ಟೆ, ಅವರ ಮನೆಯಲ್ಲಿ ನನಗೊಂದು ತಟ್ಟೆ ಬೇರೆಯೇ ಇರುತ್ತಿತ್ತು.

ಆ ಗೋಡೆಯಲ್ಲಿ ಯಾವ ಕಾಲಕ್ಕೋ ಒಂದು ಕಿಟಕಿ ಇದ್ದು, ನಮ್ಮ ಅಜ್ಜನ ದಿನಗಳಲ್ಲಿ ಅದನ್ನು ಇಟ್ಟಂಗಿ ಇಟ್ಟು ಮುಚ್ಚಿದ್ದರಂತೆ. ಅಲ್ಲಿ ಮಾತ್ರ ಗೋಡೆ ತೆಳು. ನೂಲು ಸುತ್ತುವ ಖಾಲಿ ಕಂಡಿಕೆ ತೆಗೆದುಕೊಂಡು ನಾನು ಅಲ್ಲಿ ಬಡಿದರೆ ಅವಳಿಗೆ ಕೇಳುತ್ತಿತ್ತು, ಅವಳು ಬಡಿದರೆ ನನಗೆ. ಎರಡು ಬಡಿತ ಅಂದರೆ ಬಾಗಿಲಿಗೆ ಬಾ ಎಂದು, ಮೂರು ಅಂದರೆ ಈಗ ಆಗುವುದಿಲ್ಲ ಎಂದು. ಬೇರೆ ಮಾತುಗಳಿಗೆ ನಮಗೆ ಗುರುತು ಬೇಕಾಗಿರಲಿಲ್ಲ, ಬಾಗಿಲಿಗೆ ಬಂದರೆ ಎಲ್ಲವನ್ನೂ ಬಾಯಲ್ಲೇ ಹೇಳಬಹುದಿತ್ತು.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಪ್ಪ ಕುಣಿಮಗ್ಗ ಬಿಟ್ಟು ವಿದ್ಯುತ್ ಮಗ್ಗಗಳಿಗೆ ಬಂದಿದ್ದ. ಕೆಳಗಿನ ಜಾಗ ಸಾಲದೆ ಹಳೆಯ ಮಣ್ಣಿನ ಮಾಳಿಗೆ ಕೆಡವಿಸಿ ಸ್ಲ್ಯಾಬು ಹಾಕಿಸಿದ. ಸ್ಲ್ಯಾಬಿನ ಒಂದು ಅಂಚು ಅದೇ ನಡುಗೋಡೆಯ ಮೇಲೆ ಕೂತಿತು. ಮೇಲೆ ಇನ್ನೊಂದು ಅಂಕಣ ಎಬ್ಬಿಸಿ ಅಲ್ಲಿಗೆ ಆರು ಮಗ್ಗ ಏರಿಸುವುದೆಂದಾಯಿತು. ಏರಿಸುವ ಮೊದಲು ಅಪ್ಪ ಕಾಕಾನ ಬಳಿ ಹೋಗಿ ಕೂತ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಸಪ್ಪಳ ಆಗುತ್ತದೆ, ನೀನು ಬೇಡ ಅಂದರೆ ಏರಿಸುವುದಿಲ್ಲ ಎಂದು ಅಪ್ಪ ಹೇಳಿದನಂತೆ. ಕಾಕಾ ನಕ್ಕು, ಮಗ್ಗದ ಸಪ್ಪಳ ಕೇಳಿಕೊಂಡೇ ಹುಟ್ಟಿದವನು ನಾನು, ಏರಿಸು ಎಂದನಂತೆ. ಪೂಜೆಯ ದಿನ ಮೊದಲ ಕಾಯಿ ಒಡೆದವನೂ ಅವನೇ.

ಮಗ್ಗಗಳು ಶುರುವಾದ ಮೊದಲ ವಾರ ಅದು ನಮಗೆ ಆಟವಾಗಿತ್ತು. ಗೆಳತಿಯ ಮನೆಯ ಮಾಡದಲ್ಲಿಟ್ಟ ತಾಮ್ರದ ತಂಬಿಗೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಹಾಡುತ್ತಿದ್ದವು. ಆ ಹಾಡು ಒಂದೇ ಸಮನೆ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಜೋರಾಗಿ, ಆಮೇಲೆ ತಗ್ಗಿ, ಮತ್ತೆ ಏರುತ್ತಿತ್ತು. ಅವಳು ತಟ್ಟೆಯಲ್ಲಿ ನೀರು ಹಾಕಿ ನೆಲದ ಮೇಲಿಡುತ್ತಿದ್ದಳು. ನೀರಿನ ಮೇಲೆ ಗೆರೆಗಳೆದ್ದು ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ನಾವಿಬ್ಬರೂ ಮೊಣಕಾಲೂರಿ ನೋಡುತ್ತಿದ್ದೆವು. ನಿಮ್ಮಪ್ಪ ನಮ್ಮ ನೀರಿಗೂ ಸೀರೆ ನೇಯುತ್ತಿದ್ದಾನೆ ಎಂದು ಅವಳು ಚಾಷ್ಟಿ ಮಾಡುತ್ತಿದ್ದಳು.

ಎರಡು ವರ್ಷ ಹೀಗೇ ಹೋಯಿತು. ನಾನು ಗದಗದಲ್ಲಿ ಸಿವಿಲ್ ಡಿಪ್ಲೊಮಾಕ್ಕೆ ಸೇರಿದೆ, ಅವಳು ವಿಜ್ಞಾನ ತೆಗೆದುಕೊಂಡು ಕಾಲೇಜಿಗೆ ಸೇರಿದಳು. ಆ ವರ್ಷದ ಬೇಸಿಗೆಯಲ್ಲಿ ಕಾಕಾನಿಗೆ ಲಕ್ವಾ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಬಲಗೈ, ಬಲಗಾಲು ಸತ್ತಂತಾದವು, ಮಾತು ತೊದಲಿತು. ಅವನ ಹಾಸಿಗೆಯನ್ನು ಪಡಸಾಲೆಯಲ್ಲಿ ಗೋಡೆಗೆ ಹತ್ತಿಸಿ ಹಾಕಿದರು. ಅದು ನಡುಗೋಡೆ.

ದಿನವಿಡೀ ಮಂಚ ನಡುಗುತ್ತಿತ್ತು. ಆರೋಗ್ಯವಾಗಿದ್ದವನಿಗೆ ಲೆಕ್ಕಕ್ಕೇ ಬಾರದ ನಡುಕ ಮಲಗಿದ್ದವನ ತಲೆಯೊಳಗೆ ಹೊಕ್ಕಿತು. ಮೊದಲ ಸಲ ಕಾಕು ಬಂದು ಕೇಳಿದಾಗ ಅಪ್ಪ ಆ ಕ್ಷಣವೇ ಮಗ್ಗ ನಿಲ್ಲಿಸಿದ. ಮರುದಿನದಿಂದ ಮಧ್ಯಾಹ್ನ ಎರಡು ತಾಸು ಬಂದ್ ಎಂದು ಗೊತ್ತು ಮಾಡಿದ. ಮಗ್ಗದ ಮಿಸ್ತ್ರಿಯನ್ನು ಕರೆಸಿ ಆರೂ ಮಗ್ಗಗಳ ಕಾಲಡಿಗೆ ದಪ್ಪ ರಬ್ಬರು ಹಾಕಿಸಿದ. ಕಟಕಟ ಎನ್ನುವ ಚೂಪು ಸದ್ದು ಕಡಿಮೆಯಾಯಿತು. ಆದರೆ ನಡುಕ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದು ಮಿಸ್ತ್ರಿಗೂ ತಿಳಿಯಲಿಲ್ಲ, ಅಪ್ಪನಿಗೂ ತಿಳಿಯಲಿಲ್ಲ. ಪಕ್ಕದ ಓಣಿಯಲ್ಲಿ ಹನ್ನೆರಡು ಮಗ್ಗ ನಡೆಸುವವರ ಮನೆ ಅಲುಗುತ್ತಿರಲಿಲ್ಲ, ಆರೇ ಮಗ್ಗದ ನಮ್ಮ ಮನೆ ಅಲುಗುತ್ತಿತ್ತು. ದೇವರು ನಮ್ಮ ಮೇಲೆಯೇ ಯಾಕೆ ಕಣ್ಣಿಟ್ಟ ಎಂದು ಅವ್ವ ಕೊರಗುತ್ತಿದ್ದಳು.

ಮಳೆಗಾಲದಲ್ಲಿ ಕಾಕಾನ ಮನೆಯ ಕಡೆ, ಮುಚ್ಚಿದ ಕಿಟಕಿಯ ಮೂಲೆಯಿಂದ ಮೇಲಕ್ಕೆ ಒಂದು ಬಿರುಕು ಬಿತ್ತು. ಕಾಕುವಿನ ಅಣ್ಣ ಲಕ್ಷ್ಮೇಶ್ವರದಿಂದ ಬಂದವನು ಅದನ್ನು ನೋಡಿ ಸಿಟ್ಟಾದ. ನಗರಸಭೆಗೆ ಅರ್ಜಿ ಕೊಟ್ಟ. ನೋಡಲು ಬಂದ ಅಧಿಕಾರಿಯ ಎದುರು ಅಪ್ಪನ ಬಾಯಿಂದ ಬರಬಾರದ ಮಾತು ಬಂತು. ಮಗ್ಗ ಏರಿಸಲು ಒಪ್ಪಿಗೆ ಕೊಟ್ಟವನೇ ಇವನು, ಈಗ ಮಾತು ಮರೆತನೇ ಎಂದುಬಿಟ್ಟ. ಹಾಸಿಗೆಯ ಮೇಲಿದ್ದ ಕಾಕಾ ಏನೋ ಹೇಳಲು ನೋಡಿದನಂತೆ, ಮಾತು ಹೊರಡಲಿಲ್ಲವಂತೆ. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು.

ನಾವಿಬ್ಬರು ಮಾತ್ರ ಬಿಟ್ಟಿರಲಿಲ್ಲ. ಬೆಳಗ್ಗೆ ಗದಗಕ್ಕೆ ಹೋಗುವ ಸಿಟಿ ಬಸ್ಸಿಗೆ ಒಟ್ಟಿಗೇ ನಿಲ್ಲುತ್ತಿದ್ದೆವು. ಮನೆಯ ವಿಷಯ ತೆಗೆಯುವುದಿಲ್ಲ ಎಂದು ಇಬ್ಬರೂ ಹೇಳದೆಯೇ ಒಪ್ಪಿಕೊಂಡಂತಿತ್ತು. ಒಂದು ದಿನ ಬಸ್ಸು ತಡವಾಯಿತು. ಅವಳ ಕಣ್ಣುಗಳು ಕೆಂಪಾಗಿದ್ದವು. ರಾತ್ರಿಯಿಡೀ ನಿದ್ದೆ ಇಲ್ಲ ಎಂದಳು. ಆಮೇಲೆ ಹೇಳಿದಳು:

"ನಮ್ಮಪ್ಪಗ ನೀರ ಕುಡಸಾಕ ಗ್ಲಾಸ್ ಕೊಟ್ರ, ನಡಗೂದು ಅಂವನ ಕೈಯೋ ಗ್ವಾಡಿಯೋ ಅನ್ನೂದ ತಿಳಿವಲ್ದಲೇ. ನಿಮ್ಮಪ್ಪಗ ಒಂದ ಮಾತ ಹೇಳು."

ಅವಳು ಜಗಳ ತೆಗೆದಿರಲಿಲ್ಲ. ಕೇಳಿಕೊಂಡಿದ್ದಳು ಅಷ್ಟೇ. ಆದರೆ ಹಿಂದಿನ ದಿನವಷ್ಟೇ ಅಪ್ಪ ಇದೇ ಚಿಂತೆಯಲ್ಲಿ ಊಟ ಬಿಟ್ಟು ಕೂತಿದ್ದನ್ನು ನಾನು ನೋಡಿದ್ದೆ. ನನಗೆ ಏನು ಬಂತೋ.

"ಹಂಗಾರ ಮಗ್ಗ ಮಾರಿ ನಾವೂ ನಿಮ್ಮಂಗ ಗಾದಿ ಮ್ಯಾಲ ಕುಂಡ್ರೂಣೇನು?" ಎಂದೆ.

ಕಾಕಾ ಅಂಗಡಿಯ ಗಾದಿಯ ಮೇಲೆ ಕೂತು ಆಗಲೇ ಎಂಟು ತಿಂಗಳಾಗಿತ್ತು. ಆ ಮಾತು ಬಾಯಿ ಬಿಟ್ಟ ಕೂಡಲೇ ನನಗೂ ಅದು ನೆನಪಾಯಿತು. ಬಸ್ಸು ಬಂದಾಗ ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ನಾನು ಹಿಂದಿನ ಬಾಗಿಲಲ್ಲಿ ಹತ್ತಿದೆ. ಮರುದಿನದಿಂದ ಅವಳು ಅರ್ಧ ತಾಸು ಮೊದಲಿನ ಬಸ್ಸಿಗೆ ಹೋಗತೊಡಗಿದಳು. ತಪ್ಪಾಯಿತು ಎಂದು ಹೇಳಲು ನಾನು ದಿನಾ ಒಂದು ವೇಳೆ ನೋಡುತ್ತಿದ್ದೆ, ದಿನಾ ಮುಂದೂಡುತ್ತಿದ್ದೆ. ಪ್ರಾಯದಲ್ಲಿ ದಿನಗಳು ತೀರುವುದಿಲ್ಲ ಎಂದೇ ಅನಿಸುತ್ತದೆ.

ಒಂದೂವರೆ ತಿಂಗಳ ನಂತರ ನಾನು ಕಾಲೇಜಿನಿಂದ ಬಂದಾಗ ಅವರ ಬಾಗಿಲಿಗೆ ಕೀಲಿ ಬಿದ್ದಿತ್ತು. ಮಧ್ಯಾಹ್ನ ಟೆಂಪೋ ಬಂದಿತ್ತು, ಸಾಮಾನು ಹೇರಿಕೊಂಡು ಲಕ್ಷ್ಮೇಶ್ವರಕ್ಕೆ, ಕಾಕುವಿನ ತವರಿನ ಕಡೆಗೆ ಹೋದರು ಎಂದು ಅವ್ವ ಹೇಳಿದಳು. ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮೇಲೆ ಮಗ್ಗದ ಬಳಿಯೇ ಇದ್ದ, ಊಟಕ್ಕೆ ಕರೆದರೂ ಇಳಿಯಲಿಲ್ಲ.

ಡಿಪ್ಲೊಮಾದ ಕೊನೆಯ ವರ್ಷದಲ್ಲಿ ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರು ಒಂದು ದಿನ ಒಂದು ಹಲಗೆ ಹಿಡಿದುಕೊಂಡು ಬಂದರು. ಹಲಗೆಯ ಮೇಲೆ ಮೂರು ತೆಳು ಉಕ್ಕಿನ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿದ್ದರು. ಒಂದು ಗಿಡ್ಡ, ಒಂದು ನಡುತರ, ಒಂದು ಉದ್ದ. ಹಲಗೆಯನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿದರು. ಉದ್ದದ್ದು ಮಾತ್ರ ಬಾಗಿ ಬಾಗಿ ಕುಣಿಯಿತು, ಉಳಿದೆರಡೂ ಸುಮ್ಮನಿದ್ದವು. ಕೈಯ ವೇಗ ಸ್ವಲ್ಪ ಹೆಚ್ಚಿಸಿದರು. ಉದ್ದದ್ದು ಸುಮ್ಮನಾಯಿತು, ನಡುವಿನದು ಕುಣಿಯಿತು. ನಿಂತ ಪ್ರತಿಯೊಂದು ವಸ್ತುವಿಗೂ ತನ್ನದೇ ಒಂದು ತೂಗು ಇರುತ್ತದೆ, ಹೊರಗಿನ ತಳ್ಳು ಅದಕ್ಕೆ ಹೊಂದಿದರೆ ಸಣ್ಣ ತಳ್ಳೂ ಸಾಕು, ಇದಕ್ಕೆ ಅನುರಣನ ಎನ್ನುತ್ತಾರೆ ಎಂದರು.

ನನಗೆ ನಾಗರ ಪಂಚಮಿಯ ಜೋಕಾಲಿ ನೆನಪಾಯಿತು. ಗೆಳತಿ ಕೂತಿದ್ದರೆ ನಾನು ತಳ್ಳುತ್ತಿದ್ದೆ. ಜೋಕಾಲಿ ಹಿಂದೆ ಬಂದು ಇನ್ನೇನು ತಿರುಗಬೇಕು ಎನ್ನುವಾಗ ಬೆರಳಿನಿಂದ ತಾಗಿಸಿದರೂ ಅದು ಮೇಲೇರುತ್ತಿತ್ತು. ತಪ್ಪು ಹೊತ್ತಿಗೆ ಮೈಯೆಲ್ಲ ಹಾಕಿ ತಳ್ಳಿದರೆ ನಮ್ಮ ಕೈಯೇ ನೋಯುತ್ತಿತ್ತು. ಒಂದು ತೂಗು ಬಿಟ್ಟು ಒಂದು ತೂಗಿಗೆ ತಳ್ಳಿದರೂ ಜೋಕಾಲಿ ಏರುತ್ತಿತ್ತು. ಪಾಠ ಮುಗಿಯುವವರೆಗೂ ನಾನು ಪುಸ್ತಕ ನೋಡಲಿಲ್ಲ. ತಳ್ಳುವವರು ನಾವೇ, ಕೂತಿರುವುದು ಮನೆ ಎಂದು ಹೊಳೆದಿತ್ತು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಗಳಿಗೆ ರಜೆ. ಅಂದು ಬೆಳಗ್ಗೆ ಮೇಷ್ಟ್ರು ಹೇಳಿಕೊಟ್ಟಂತೆ ನಾನು ಮೇಲಿನ ಅಂಕಣದ ನಡುವೆ ಮೊಬೈಲ್ ಇಟ್ಟೆ. ಅಲುಗಾಟವನ್ನು ಗೆರೆಯಾಗಿ ಬರೆಯುವ ಒಂದು ಆ್ಯಪ್ ಅದರಲ್ಲಿತ್ತು. ಮರಳು ತುಂಬಿದ ಗೋಣಿಚೀಲವನ್ನು ಹಗ್ಗಕ್ಕೆ ಕಟ್ಟಿ ತೂಗಿ, ಕಂಬದ ತಲೆಗೆ ಒಂದೇ ಸಲ ಬಡಿಸುವಂತೆ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಇದೆಲ್ಲ ಹುಡುಗಾಟವಾಗಿ ಕಂಡಿತು. ಮನಿಗೂ ಲಯ ಇರತೈತೇನು ಎಂದು ಕೇಳಿದ. ಆದರೂ ಬಡಿಸಿದ. ಗೆರೆ ಎದ್ದು, ಅಲೆಯಲೆಯಾಗಿ ಇಳಿಯುತ್ತ ಹೋಯಿತು. ಲೆಕ್ಕ ಹಾಕಿದೆ. ನಮ್ಮ ಮನೆ ಸೆಕೆಂಡಿಗೆ ಐದು ಸಲ ತೂಗುತ್ತಿತ್ತು. ಮಗ್ಗದಲ್ಲಿ ಲಾಳಿ ಒಮ್ಮೆ ಓಡಿದರೆ, ನೂಲನ್ನು ಒತ್ತುವ ಭಾರದ ಹಲಗೆ ಒಮ್ಮೆ ಬಡಿಯುತ್ತದೆ. ಅದು ನಿಮಿಷಕ್ಕೆ ನೂರೈವತ್ತು ಸಲ, ಅಂದರೆ ಸೆಕೆಂಡಿಗೆ ಎರಡೂವರೆ. ಸರಿಯಾಗಿ ಅರ್ಧ. ಮನೆ ಎರಡು ಸಲ ತೂಗಿದರೆ ಮಗ್ಗ ಒಂದು ಸಲ ತಳ್ಳುತ್ತಿತ್ತು. ಆರೂ ಮಗ್ಗಗಳು ಒಂದೇ ದಿಕ್ಕಿಗೆ ಮುಖ ಮಾಡಿದ್ದವು, ಆರೂ ನಡುಗೋಡೆಯ ಕಡೆಗೇ ತಳ್ಳುತ್ತಿದ್ದವು. ಅವು ಒಮ್ಮೆ ಜೊತೆಗೂಡಿ, ಒಮ್ಮೆ ಜೊತೆ ತಪ್ಪುತ್ತಿದ್ದುದರಿಂದ ತಂಬಿಗೆಗಳ ಹಾಡು ಏರಿ ಇಳಿಯುತ್ತಿತ್ತು. ಇಷ್ಟು ನಿಧಾನದ ತೂಗಿಗೆ ಆ ರಬ್ಬರು ಏನೂ ಮಾಡಲಾರದು.

ನಾನು ಕಾಗದದ ಮೇಲೆ ಬರೆದು ವಿವರಿಸಿದೆ. ಅಪ್ಪ ಬಹಳ ಹೊತ್ತು ಕಾಗದ ನೋಡಿದ. ಆಮೇಲೆ ತನ್ನ ಕುಣಿಮಗ್ಗದ ದಿನಗಳನ್ನು ತೆಗೆದ. ಕಾಲು ನೆಲದೊಳಗೆ ಇಳಿಬಿಟ್ಟು ಕೂತು ನೇಯುತ್ತಿದ್ದಾಗ ಬಡಿತವನ್ನೆಲ್ಲ ಭೂಮಿಯೇ ನುಂಗಿಕೊಳ್ಳುತ್ತಿತ್ತು, ಮೇಲಕ್ಕೆ ಏರಿಸಿದ ಮೇಲೆ ನುಂಗುವವರು ಯಾರೂ ಇಲ್ಲದಂತಾಯಿತು ಎಂದ. ನನ್ನ ಲೆಕ್ಕ ಅವನಿಗೆ ಪೂರಾ ತಿಳಿದಿತ್ತೋ ಇಲ್ಲವೋ, ಅದರ ಅರ್ಥ ನನಗಿಂತ ಚೆನ್ನಾಗಿ ತಿಳಿದಿತ್ತು.

ಮಿಸ್ತ್ರಿ ಬಂದು ಎರಡು ದಿನ ಕೆಲಸ ಮಾಡಿದ. ಮೂರು ಮಗ್ಗಗಳನ್ನು ಅಡ್ಡ ತಿರುಗಿಸಿ ಕೂರಿಸಿದೆವು. ಮೋಟಾರಿನ ಪುಲಿಗಳನ್ನು ತೆಗೆದು ಸಣ್ಣವನ್ನು ಹಾಕಿದೆವು, ವೇಗ ಹತ್ತರಲ್ಲಿ ಒಂದು ಪಾಲು ತಗ್ಗಿತು. ದಿನಕ್ಕೆ ಅಷ್ಟು ಬಟ್ಟೆ ಕಡಿಮೆಯಾಗುತ್ತದೆ ಎಂದು ಮಿಸ್ತ್ರಿ ಎಚ್ಚರಿಸಿದ. ಆಗಲಿ ಎಂದ ಅಪ್ಪ. ಮೂರನೆಯ ದಿನ ಆರೂ ಮಗ್ಗ ಶುರು ಮಾಡಿ ನಾನು ತಟ್ಟೆಯಲ್ಲಿ ನೀರು ಹಾಕಿ ನೆಲದ ಮೇಲಿಟ್ಟೆ. ನೀರಿನ ಮೇಲೆ ಅಲ್ಲಲ್ಲಿ ಸಣ್ಣ ಅದುರು ಇತ್ತು, ಅಷ್ಟೇ. ಅಪ್ಪ ಕೆಳಗಿಳಿದು ಹೋಗಿ ನಡುಗೋಡೆಗೆ ಅಂಗೈ ಒತ್ತಿ ನಿಂತ. ನಾನೂ ಪಕ್ಕದಲ್ಲಿ ಕೈಯಿಟ್ಟೆ. ಗೋಡೆ ಸುಮ್ಮನಿತ್ತು.

"ಎರಡ ದಿನದ ಕೆಲಸ ಇತ್ತು," ಎಂದ ಅಪ್ಪ.

ಗೋಡೆಯಾಚೆ ಯಾರೂ ಇರಲಿಲ್ಲ. ಅವರು ಹೋಗಿ ಏಳು ತಿಂಗಳಾಗಿತ್ತು.

ಮುಂದಿನ ರವಿವಾರ ನಾನೊಬ್ಬಳೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕರಿಮಣ್ಣಿನ ಹೊಲಗಳಲ್ಲಿ ಹತ್ತಿ ಒಡೆದಿತ್ತು. ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಮೊದಲು ಗಾದಿಯ ಮಾತಿಗೆ ತಪ್ಪಾಯಿತು ಅನ್ನಬೇಕು, ಆಮೇಲೆ ಗೋಡೆ ನಿಂತಿದೆ ಅನ್ನಬೇಕು. ಮನೆ ಹುಡುಕಿ ಹೋದಾಗ ಬಾಗಿಲು ತೆರೆದವಳು ಕಾಕು. ಒಳಗೆ ಬಾ ಎಂದಳು, ಚಹಾ ಕೊಟ್ಟಳು. ಮೊದಲಿನ ಹಾಗೆ ಗಲ್ಲ ಸವರಲಿಲ್ಲ. ಗೆಳತಿ ಊರಲ್ಲಿರಲಿಲ್ಲ. ದವಾಖಾನೆಗಳಲ್ಲಿ ರಕ್ತ ಪರೀಕ್ಷೆ ಮಾಡುವ ಕೋರ್ಸಿಗೆ ಸೇರಿ ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ ಎಂದಳು.

ಕಾಕಾ ಗೋಡೆಗೆ ಒರಗಿ ಕೂತಿದ್ದ. ಮಾತು ಸ್ವಲ್ಪ ತಿಳಿಯಾಗಿತ್ತು. ನಾನು ಜೋಕಾಲಿಯಿಂದ ಪುಲಿಯವರೆಗೆ ಎಲ್ಲವನ್ನೂ ಹೇಳಿದೆ. ಅವನು ಮಗುವಿನ ಹಾಗೆ ಕೇಳಿಸಿಕೊಂಡ. ತನ್ನ ಎಡಗೈಯಿಂದ ನನ್ನ ತಲೆ ಮುಟ್ಟಿದ.

"ನಿಮ್ಮಪ್ಪಗ ಹೇಳವ್ವ," ಎಂದ ನಿಧಾನವಾಗಿ, ಒಂದೊಂದೇ ಮಾತು ಹುಡುಕಿ. "ನಾ ಹೂಂ ಅಂದದ್ದು ಖರೆ ಐತಿ. ಮರತಿಲ್ಲ ಅಂತ ಹೇಳು."

ಮನೆಗೆ ಬಂದು ಹೇಳಿದೆ. ಅಪ್ಪ ಮರುದಿನವೇ ಹೋದ. ಒಯ್ಯಲು ಬೇರೇನೂ ತೋಚದೆ ಮಗ್ಗದಿಂದ ಅಂದೇ ಇಳಿದ ಒಂದು ಸೀರೆ ಒಯ್ದ. ಇಬ್ಬರೂ ದಿನವಿಡೀ ಕೂತು ಶಾಲೆಯ ಮಾತು ಆಡಿದರಂತೆ. ಆಮೇಲೆ ಕಾಕಾ ಇರುವವರೆಗೂ ಎರಡು ತಿಂಗಳಿಗೊಮ್ಮೆ ಅಪ್ಪ ಲಕ್ಷ್ಮೇಶ್ವರಕ್ಕೆ ಹೋಗಿ ಬರುತ್ತಿದ್ದ. ಗಂಡಸರಿಬ್ಬರ ನಡುವಿನದು ಒಂದು ಸೀರೆ, ಒಂದು ಮಾತಿನಲ್ಲಿ ಸರಿಹೋಯಿತು. ನಾನು ಕಾಕುವಿನಿಂದ ಗೆಳತಿಯ ನಂಬರ್ ಇಸಿದುಕೊಂಡು ಬಂದು ಮೆಸೇಜು ಕಳಿಸಿದ್ದೆ, ಉದ್ದಕ್ಕೆ, ಎಲ್ಲವನ್ನೂ ಬರೆದು. ಅವಳು ಓದಿದಳು ಎಂಬ ಗುರುತು ಬಂತು. ಉತ್ತರ ಬರಲಿಲ್ಲ. ಮತ್ತೊಂದು ಕಳಿಸಿದೆ. ಅದಕ್ಕೂ ಬರಲಿಲ್ಲ. ಅವಳ ಮದುವೆಗೆ ನಮ್ಮ ಮನೆಗೆ ಪತ್ರಿಕೆ ಬಂತು, ಕಾಕಾನ ಹೆಸರಿನಲ್ಲಿ ಅಪ್ಪನ ಹೆಸರಿಗೆ. ನಾನು ಹೋಗಲಿಲ್ಲ. ಪರೀಕ್ಷೆ ಇತ್ತು ಎಂದು ಎಲ್ಲರಿಗೂ ಹೇಳಿದೆ. ಪರೀಕ್ಷೆ ಇದ್ದದ್ದು ಮರುವಾರ.

ಓದು ಮುಗಿಸಿ ನಾನು ಗದಗದಲ್ಲೇ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕೆ ನಿಂತೆ. ಕಟ್ಟಡ, ಸೇತುವೆ, ನೀರಿನ ಟಾಕಿ, ಗಾಳಿಯಂತ್ರದ ಬುಡ, ಇವೆಲ್ಲ ಎಷ್ಟು ನಡುಗುತ್ತವೆ, ಯಾಕೆ ನಡುಗುತ್ತವೆ ಎಂದು ಅಳೆಯುವುದು, ನಡುಕ ತಗ್ಗಿಸುವ ದಾರಿ ಹೇಳುವುದು ನಮ್ಮ ಕೆಲಸ. ಪಕ್ಕದ ಮನೆಯನ್ನು ಕೊಂಡವರು ಅದನ್ನು ಕೆಡವಿ ಹೊಸದು ಕಟ್ಟಿಸುವಾಗ ನನ್ನನ್ನು ಕೇಳಿದರು. ಹಳೆಯ ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಸಂದು ಬಿಟ್ಟು ನಿಮ್ಮದೇ ಗೋಡೆ ಎಬ್ಬಿಸಿ, ಆಗ ನಮ್ಮದು ಅಲುಗಿದರೂ ನಿಮಗೆ ತಾಗುವುದಿಲ್ಲ ಎಂದೆ. ಅವರು ಹಾಗೆಯೇ ಮಾಡಿದರು. ಸರಿಯಾದ ಸಲಹೆ ಅದು. ಆದರೆ ಆ ಸಂದಿಗೆ ಮಳೆನೀರು ಇಳಿಯದಂತೆ ತಗಡು ಹೊಡೆಯುತ್ತಿದ್ದಾಗ ನಾನು ಅಲ್ಲಿ ನಿಲ್ಲಲಾರದೆ ಒಳಗೆ ಬಂದೆ.

ಬೇರೆ ಊರುಗಳಲ್ಲಿ ಅಳತೆಯ ಯಂತ್ರ ನೆಲಕ್ಕಿಟ್ಟು ಸದ್ದು ಮಾಡಬೇಡಿ ಎಂದು ಎಲ್ಲರಿಗೂ ಹೇಳಿ ಕಾಯುವ ಆ ಎರಡು ಮೂರು ನಿಮಿಷ ಇರುತ್ತದಲ್ಲ, ಆಗ ಅವಳು ನೆನಪಾಗುತ್ತಿದ್ದಳು. ನನಗೆ ಅವಳಿಂದ ಕ್ಷಮೆ ಬೇಕಿರಲಿಲ್ಲ. ಅಥವಾ ಅದಷ್ಟೇ ಬೇಕಿರಲಿಲ್ಲ. ಮೊಣಕಾಲೂರಿ ಕೂತು ನೀರು ನೋಡುತ್ತ ನಕ್ಕ ಆ ಹುಡುಗಿಯ ಪಕ್ಕ ಇನ್ನೊಮ್ಮೆ ಕೂರಬೇಕೆನಿಸುತ್ತಿತ್ತು. ಅವ್ವನ ಹತ್ತಿರ, ಮದುವೆಯಾದ ಮೇಲೆ ಗಂಡನ ಹತ್ತಿರ ಇದನ್ನು ಹೇಳಲು ಹೋದರೆ, ಇಷ್ಟು ದಿನದ ಮೇಲೆ ಇನ್ನೂ ಅದೇನಾ ಎನ್ನುವರು ಎಂದು ಸುಮ್ಮನಿರುತ್ತಿದ್ದೆ.

ಹೋದ ವರ್ಷ ಯುಗಾದಿಯ ಮುಂಚೆ ಒಂದು ಮಧ್ಯಾಹ್ನ ಕಚೇರಿಗೆ ಫೋನ್ ಬಂತು. ಮುಂಡರಗಿಯ ಒಂದು ಸಣ್ಣ ಖಾಸಗಿ ದವಾಖಾನೆಯಿಂದ, ರಕ್ತ ಪರೀಕ್ಷೆಯ ಕೋಣೆಯವರು ಮಾತಾಡುತ್ತಿರುವುದು ಎಂದರು. ಜನರೇಟರ್ ಶುರುವಾದರೆ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ, ಎಲ್ಲ ಅಲುಗುತ್ತದೆ, ಯಾರನ್ನಾದರೂ ಕಳಿಸುತ್ತೀರಾ ಎಂದು ಕೇಳಿದರು. ದನಿ ಮೊದಲ ಮಾತಿಗೇ ಗುರುತು ಸಿಕ್ಕಿತ್ತು. ಯಾರನ್ನು ಕಳಿಸಬೇಕು ಎಂದು ಕೇಳಿದೆ. ನೀನೇ ಬಾ ಎಂದಳು.

ಹೋದೆ. ಅವಳ ಮೈ ಸ್ವಲ್ಪ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು, ಬಿಳಿಯ ಕೋಟು. ಗಂಡ ಅಲ್ಲೇ ಹೈಸ್ಕೂಲಿನಲ್ಲಿ ಮಾಸ್ತರ, ಮಗಳು ನಾಲ್ಕನೇ ತರಗತಿ. ಬಾಗಿಲಲ್ಲಿ ನಿಂತು ನಾವಿಬ್ಬರೂ ಏನು ಮಾಡಬೇಕೆಂದು ತಿಳಿಯದೆ ಸೂಕ್ಷ್ಮದರ್ಶಕದ ಬಗ್ಗೆಯೇ ಮಾತಾಡಿದೆವು. ಅದು ಒಳ್ಳೆಯದಾಯಿತು. ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ತಾಸು ಕರೆಂಟ್ ಹೋಗುತ್ತದೆ, ಜ್ವರದವರ ರಕ್ತ ಆಗಲೇ ನೋಡಬೇಕಾಗುತ್ತದೆ, ತಾನು ಮೇಜಿನ ಕೆಳಗೆ ಸ್ಪಂಜು, ಮಡಚಿದ ಕಂಬಳಿ ಎಲ್ಲ ಇಟ್ಟು ನೋಡಿದೆ ಎಂದು ವಿವರಿಸಿದಳು. ಜನರೇಟರ್ ಹಚ್ಚಿಸಿ ನಾನು ಕಣ್ಣಿಟ್ಟೆ. ಗುಲಾಬಿ ಬಣ್ಣದ ದುಂಡು ಕಣಗಳೆಲ್ಲ ಗೆರೆಗಳಾಗಿ ಎಳೆದಾಡುತ್ತಿದ್ದವು.

ಮಾಳಿಗೆ ಹತ್ತಿ ನೋಡಿದೆ. ಜನರೇಟರನ್ನು ಕೊಟ್ಟವರು ಅದರಡಿ ಸ್ಪ್ರಿಂಗುಗಳನ್ನು ಕೊಟ್ಟೇ ಕೊಟ್ಟಿದ್ದರು. ಮಗ್ಗದ ಹಾಗಲ್ಲ, ಇಷ್ಟು ವೇಗವಾಗಿ ನಡುಗುವ ಯಂತ್ರಕ್ಕೆ ಮೆತ್ತನೆಯ ಸ್ಪ್ರಿಂಗು ಸರಿಯಾದ ಮದ್ದು. ಯಂತ್ರ ತನ್ನಷ್ಟಕ್ಕೆ ಕುಲುಕಾಡುತ್ತಿರುತ್ತದೆ, ನೆಲಕ್ಕೆ ಸುದ್ದಿ ಮುಟ್ಟುವುದಿಲ್ಲ. ಆದರೆ ಅದು ಕುಲುಕಾಡುವುದನ್ನು ಕಂಡು ಹೆದರಿದ ಯಾರೋ ನಾಲ್ಕೂ ಕಡೆ ಕಟ್ಟಿಗೆಯ ತುಂಡುಗಳನ್ನು ಬಿಗಿಯಾಗಿ ಬಡಿದು ಅಲುಗದಂತೆ ಮಾಡಿದ್ದರು. ಹೊಗೆಯ ಕಬ್ಬಿಣದ ಕೊಳವೆಯನ್ನು ಪಟ್ಟಿ ಹಾಕಿ ಗೋಡೆಗೆ ಬಿಗಿದಿದ್ದರು. ಆ ಗೋಡೆ ನೇರವಾಗಿ ಅವಳ ಕೋಣೆಗೆ ಇಳಿಯುತ್ತಿತ್ತು. ಕಟ್ಟಿಗೆ ತೆಗೆಸಿದೆ. ಕೊಳವೆಯ ನಡುವೆ ಬಾಗುವಂಥ ತುಂಡು ಹಾಕಿಸಲು ಗದಗದಿಂದ ತರಿಸಬೇಕಾಯಿತು, ಅದಕ್ಕೆ ಸಂಜೆಯಾಯಿತು. ಗೋಡೆಯ ಪಟ್ಟಿಗಳಿಗೆ ರಬ್ಬರು ಸುತ್ತಿಸಿದೆ. ಅವಳು ನಡುನಡುವೆ ಮೇಲೆ ಬಂದು ನನಗೆ ನೀರು, ಆಮೇಲೆ ರೊಟ್ಟಿ ತಂದು ಕೊಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತು ನೋಡುತ್ತಿದ್ದಳು.

ತುಂಡಿಗಾಗಿ ಕಾಯುತ್ತ ನೀರಿನ ಟಾಕಿಯ ನೆರಳಲ್ಲಿ ಕೂತಿದ್ದಾಗ ನಾನು ಗಾದಿಯ ಮಾತು ತೆಗೆದೆ. ತಪ್ಪಾಗಿತ್ತು ಎಂದೆ. ಯಾವ ಮಾತು, ನೆನಪಿಲ್ಲ ಎಂದಳು. ಅವಳು ಅಷ್ಟು ಬೇಗ ಹೇಳಿದ್ದರಿಂದಲೇ ನೆನಪಿದೆ ಎಂದು ನನಗೆ ತಿಳಿಯಿತು. ಮೆಸೇಜುಗಳಿಗೆ ಯಾಕೆ ಉತ್ತರ ಕೊಡಲಿಲ್ಲ ಎಂದು ಕೇಳಿದೆ.

ಅವಳು ಕೆಳಗೆ ರಸ್ತೆಯ ಕಡೆ ನೋಡುತ್ತಿದ್ದಳು.

"ಊರ ಬಿಡೂ ಮೊದಲ ಹದಿನೈದ ದಿನ ಗ್ವಾಡಿ ಬಡದನಿ," ಎಂದಳು. "ದಿನಾ ಸಂಜಿಕ. ಎರಡ ಸಲ. ನೀ ಬರಲಿಲ್ಲ. ಬ್ಯಾಡಾದೆ ಅಂತ ತಿಳಕೊಂಡೆ."

ಸಂಜೆ ಆರೂ ಮಗ್ಗ ನಡೆಯುವ ಹೊತ್ತು. ಆ ನಡುಕದಲ್ಲಿ ಕಂಡಿಕೆಯ ಬಡಿತ ಎಲ್ಲಿ ಕೇಳಬೇಕು. ಕೇಳಿಸಲಿಲ್ಲ ಎಂದೆ. ಅದು ಆಮೇಲೆ ನನ್ನ ಮೆಸೇಜು ಓದಿದ ಮೇಲೆ ತಿಳಿಯಿತು, ಗೋಡೆ ಅಷ್ಟು ನಡುಗುತ್ತಿತ್ತಲ್ಲ ಎಂದು ಹೊಳೆಯಿತು ಎಂದಳು. ಆದರೆ ಅಷ್ಟೊತ್ತಿಗೆ ಸಿಟ್ಟು ಹಿಡಿದೇ ಬದುಕಲು ರೂಢಿಯಾಗಿತ್ತಂತೆ. ಉತ್ತರ ಬರೆಯಲು ಕೂತರೆ ಅಪ್ಪನ ಹಾಸಿಗೆ ಕಣ್ಣೆದುರಿಗೆ ಬರುತ್ತಿತ್ತಂತೆ. ಆಮೇಲೆ ಅವಳು ಕೇಳಿದಳು, ನೀನು ಒಂದು ಸಲವಾದರೂ ಬಡಿದಿದ್ದೆಯಾ ಎಂದು.

ಬಡಿದಿದ್ದೆ ಎನ್ನಬಹುದಿತ್ತು. ಅವಳಿಗೆ ತಿಳಿಯುವ ದಾರಿ ಇರಲಿಲ್ಲ.

"ಇಲ್ಲವಾ," ಎಂದೆ.

ಅವಳು ತಲೆಯಾಡಿಸಿದಳು. ಖಾಲಿ ಡಬ್ಬಿ ತೆಗೆದುಕೊಂಡು ಕೆಳಗಿಳಿದು ಹೋದಳು. ಕಾಕಾ ತೀರಿಕೊಂಡಾಗ ಅಪ್ಪನ ಜೊತೆ ನಾನೂ ಬರಬೇಕಿತ್ತು ಎಂದು ಹೇಳಬೇಕೆಂದಿದ್ದೆ, ಅದು ಬಾಯಲ್ಲೇ ಉಳಿಯಿತು.

ಸಂಜೆ ಜನರೇಟರ್ ಹಚ್ಚಿಸಿ ಮತ್ತೆ ನೋಡಿದೆವು. ಮೊದಲು ಅವಳು ನೋಡಿದಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಚಕ್ರವನ್ನು ಬೆರಳಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಬಾಯಲ್ಲೇ ಎಣಿಸುತ್ತಿದ್ದಳು. ಆಮೇಲೆ ಸರಿದು ನನಗೆ ಜಾಗ ಕೊಟ್ಟಳು. ಕಣಗಳೆಲ್ಲ ಒಂದೊಂದೂ ಬೇರೆ ಬೇರೆಯಾಗಿ, ಅಂಚು ಚೂಪಾಗಿ ನಿಂತಿದ್ದವು. ಒಂದರ ಒಳಗೆ ಕಾಣುತ್ತಿದ್ದ ನೇರಳೆ ಚುಕ್ಕೆಯನ್ನು ತೋರಿಸಿ, ಅದೇ ಮಲೇರಿಯಾ, ಇದನ್ನೇ ನಾನು ಹುಡುಕುತ್ತಿರುವುದು, ಇದು ಅಲುಗಿದರೆ ಜ್ವರದವನನ್ನು ಸುಮ್ಮನೆ ಮನೆಗೆ ಕಳಿಸಿದಂತೆ ಎಂದಳು. ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು. ಇಬ್ಬರೂ ಸರಿಯಲಿಲ್ಲ. ಹೊರಗೆ ಯಾರೋ ಚೀಟಿ ಹಿಡಿದು ಅಕ್ಕಾರ ಎಂದು ಕರೆದರು, ಅವಳು ಎದ್ದಳು.

ಬಸ್ ಸ್ಟ್ಯಾಂಡಿನವರೆಗೆ ಬಂದು ಬಿಟ್ಟಳು. ಸ್ಕೂಟರಿನ ಹಿಂದೆ ಕೂತು ಬಂದೆ, ಗಾಳಿಗೆ ಮಾತು ಕೇಳಿಸುತ್ತಿರಲಿಲ್ಲ. ಗದಗದ ಬಸ್ಸು ನಿಂತೇ ಇತ್ತು. ಬೆಟಗೇರಿಗೆ ಬಾ, ಅವ್ವ ನೋಡಬೇಕು ಅಂತಾಳೆ ಎಂದೆ. ಬರುತ್ತೇನೆ ಎಂದಳು. ಯಾವಾಗ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಸ್ಸು ಹೊರಟಾಗ ಅವಳು ಕೈಯೆತ್ತಿದಳು. ಅಷ್ಟರಲ್ಲಿ ಫೋನ್ ಬಂತೇನೋ, ಕಿವಿಗೆ ಹಚ್ಚಿಕೊಂಡು ತಿರುಗಿದಳು. ಇಳಿದುಬಿಡೋಣ, ಮುಂದಿನ ಬಸ್ಸಿಗೆ ಹೋದರಾಯಿತು ಎನಿಸಿತು. ಇಳಿದು ಏನು ಹೇಳುವುದು ಎಂದು ತಿಳಿಯಲಿಲ್ಲ. ಬಸ್ಸು ಊರು ದಾಟಿತು.

ಈಗ ನಾವು ಮಾತಾಡುತ್ತೇವೆ. ರವಿವಾರ ಒಮ್ಮೊಮ್ಮೆ ಅವಳು ಫೋನ್ ಮಾಡುತ್ತಾಳೆ, ಒಮ್ಮೊಮ್ಮೆ ನಾನು. ಮಗಳ ಲೆಕ್ಕದ ಪೇಪರು, ಅತ್ತೆಯ ಸಕ್ಕರೆ, ನಮ್ಮಪ್ಪನ ಮಂಡಿನೋವು. ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ, ಇಬ್ಬರೂ ಬಹಳ ಸಂಭಾವಿತರಾಗಿ ಫೋನ್ ಇಡುತ್ತೇವೆ. ಬೆಟಗೇರಿಗೆ ಅವಳು ಇನ್ನೂ ಬಂದಿಲ್ಲ. ಬರುವುದಿಲ್ಲ ಎಂದೂ ಹೇಳಿಲ್ಲ. ಅವ್ವ ಪ್ರತಿ ಪಂಚಮಿಗೆ ಉಂಡಿ ಕಟ್ಟುವಾಗ ಅವಳಿಗೆಂದು ಒಂದು ಡಬ್ಬಿ ಬೇರೆ ತೆಗೆದಿಡುತ್ತಾಳೆ. ಈ ಸಲ ಅದನ್ನು ನಾನೇ ಮುಂಡರಗಿಗೆ ಒಯ್ಯಬೇಕೆಂದಿದ್ದೇನೆ.